ಕೊರಳಪಟ್ಟಿಯ ಒಳಗಿನ ಚುಕ್ಕಿ

ಶಾಂತಿ ಸಭೆಯಲ್ಲಿ ಬಾಯಿ ಬಿಟ್ಟಿದ್ದೇ ಜಂಬಕ್ಕನ ತಪ್ಪು ಎಂದು ಊರು ಇವತ್ತಿಗೂ ಹೇಳುತ್ತದೆ. ಹೇಳಲಿ. ಊರು ಹೇಳಿದ್ದನ್ನೆಲ್ಲ ಕೇಳಿಕೊಂಡು ಕೂತಿದ್ದರೆ ಆಕೆಯ ಒಗೆಯುವ ಬಂಡೆಯ ಮೇಲೆ ಪಾಚಿ ಬೆಳೆಯುತ್ತಿತ್ತು.

ಊರೆಂದರೆ, ಕೊಟ್ಟೂರಿನಿಂದ ಹಡಗಲಿಗೆ ಹೋಗುವ ಬಸ್ಸು ನಡುವೆ ನಿಂತು ಚಾ ಕುಡಿಯುವ ಪೇಟೆ. ಹೆಸರು ಬೇಡ, ಅಲ್ಲಿಯ ದೊಡ್ಡವರು ಜಗಳಕ್ಕೆ ಬರುತ್ತಾರೆ. ಎರಡು ಎಣ್ಣೆ ಮಿಲ್ಲು, ಒಂದು ಟಾಕೀಸು, ಒಂದು ಠಾಣೆ, ಊರ ಹಿಂದೆ ಕೆರೆ. 2002ರ ಗಣಪತಿ ಹಬ್ಬಕ್ಕೆ ಎಂಟು ದಿನ ಮೊದಲು ಠಾಣೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಶಾಂತಿ ಸಭೆ ಕರೆದಿದ್ದರು. ಸಬ್‌ಇನ್‌ಸ್ಪೆಕ್ಟರ್ ಪಾಲಾಕ್ಷಪ್ಪ ಕನ್ನಡಕ ಏರಿಸಿಕೊಂಡು ಕಾಗದ ಓದಿದರು.

"ಹತ್ತು ವರ್ಷದ ಹಿಂದೆ, ತೊಂಬತ್ತೆರಡರಲ್ಲಿ, ಈ ಠಾಣೆಯಲ್ಲಿ ಹೊಡೆದಾಟ, ಚೂರಿ ಇರಿತ, ರಕ್ತಗಾಯದ ಪ್ರಕರಣಗಳು ಐವತ್ತೆರಡು. ಕಳೆದ ವರ್ಷ ಬರೀ ಒಂಬತ್ತು. ಇದಕ್ಕೆ ನಮ್ಮ ಶಾಂತಿ ಸಮಿತಿ ಅಧ್ಯಕ್ಷರಾದ ಪಂಚಾಕ್ಷರಪ್ಪನವರೇ ಕಾರಣ ಅಂತ ಹೇಳಲಿಕ್ಕೆ ಹೆಮ್ಮೆ ಆಗ್ತದೆ."

ಚಪ್ಪಾಳೆ ಬಿತ್ತು. ಮಿಲ್ಲಿನ ಸಾವುಕಾರ ಪಂಚಾಕ್ಷರಪ್ಪ ಅರ್ಧ ಎದ್ದು ಕೈ ಮುಗಿದು ಕೂತರು. ಇಸ್ತ್ರಿ ಮಾಡಿದ ಖಾಕಿ ಬಟ್ಟೆಯ ಗಂಟು ಕೊಡಲೆಂದು ಬಂದು ಕಂಬಕ್ಕೆ ಆತು ನಿಂತಿದ್ದ ಜಂಬಕ್ಕನಿಗೆ ನಗು ತಡೆಯಲಿಲ್ಲ.

"ಕಡಿಮಿ ಆಗಿದ್ದು ನಿಮ್ಮ ಪುಸ್ತಕದಾಗ ಸಾಹೇಬ್ರ, ನನ್ನ ಗಂಟಿನಾಗಲ್ಲ."

ಮೆಲ್ಲಗೇ ಅಂದಿದ್ದಳು. ಆದರೆ ಜಂಬಕ್ಕನ ಮೆಲ್ಲಗೆ ಎಂದರೆ ಕೆರೆಯ ಆಚೆ ದಂಡೆಗೆ ಕೇಳುವಷ್ಟು. ಹಿಂದಿನ ಸಾಲಿನವರು ಕಿಸಕ್ಕೆಂದರು. ಪಂಚಾಕ್ಷರಪ್ಪ ತಿರುಗಿ ನೋಡಿದರು.

"ಏ ಜಂಬಿ, ಕತ್ತಿಗೇನು ಗೊತ್ತು ಕಸ್ತೂರಿ ಪರಿಮಳ? ಬಟ್ಟಿ ಕೊಟ್ಟು ನಡಿ."

ಆಕೆ ಬಟ್ಟೆ ಕೊಟ್ಟು ನಡೆದಳು. ಆದರೆ ಆಡಿದ ಮಾತು ಖರೆಯಾಗಿತ್ತು.

ಖರೆ ಹೇಗೆ ಎಂದರೆ, ಆಕೆಯ ಅತ್ತೆ ಓಬಮ್ಮ ಕಲಿಸಿಕೊಟ್ಟ ಒಂದು ಪದ್ಧತಿ ಇತ್ತು. ಮಡಿವಾಳರು ಮನೆಮನೆಯ ಬಟ್ಟೆ ಬೆರೆಯದಂತೆ ಗುರುತು ಹಾಕುತ್ತಾರಲ್ಲ, ಕರಿಗೇರಿನ ಕಾಯಿಗೆ ಸೂಜಿ ಚುಚ್ಚಿ, ಆ ಕಪ್ಪು ರಸದಿಂದ ಕೊರಳಪಟ್ಟಿಯ ಒಳಗೋ ಸೀರೆಯ ಒಳಮೂಲೆಗೋ ಒಂದು ಚಿಹ್ನೆ. ಬಟ್ಟೆ ಹರಿದು ಚಿಂದಿಯಾದರೂ ಆ ಗುರುತು ಹೋಗುವುದಿಲ್ಲ. ಪಂಚಾಕ್ಷರಪ್ಪನವರ ಮನೆಯದು ಎರಡು ಗೆರೆ, ಒಂದು ಸೊನ್ನೆ. ಠಾಣೆಯದು ಮೂರು ಗೆರೆ. ಇದು ಎಲ್ಲ ಮಡಿವಾಳರೂ ಮಾಡುವ ಕೆಲಸ. ಓಬಮ್ಮನದು ಇನ್ನೊಂದಿತ್ತು. ರಕ್ತ ಹತ್ತಿದ ಬಟ್ಟೆ ಬಂದರೆ ಗುರುತಿನ ಪಕ್ಕ ಒಂದು ಚುಕ್ಕಿ.

"ರಕ್ತಕ್ಕ ತಣ್ಣೀರ ಮದ್ದು," ಎನ್ನುತ್ತಿದ್ದಳು ಮುದುಕಿ. "ಬಿಸಿ ತಾಗಿತೋ, ಕಲಿ ಹಿಡಿದು ಕುಂತಿತು ಅಂತ ತಿಳಿ. ಒಮ್ಮೆ ರಕ್ತ ಕುಡದ ಅರಿವಿ ಉಬ್ಬಿಗೆ ಹಾಕಬ್ಯಾಡ. ಒಳಗಿಂದು ಮ್ಯಾಲ ಬರತೈತಿ."

ಉಬ್ಬೆ ಎಂದರೆ ಚೌಳುಮಣ್ಣು ಕಲಸಿದ ನೀರಲ್ಲಿ ಅದ್ದಿದ ಬಟ್ಟೆಯನ್ನು ದೊಡ್ಡ ಬಾನಿಯಲ್ಲಿ ಹೇರಿ, ಕೆಳಗೆ ಬೆಂಕಿಯಿಟ್ಟು ಹಬೆಯಲ್ಲಿ ಬೇಯಿಸುವುದು. ಚುಕ್ಕಿ ಇದ್ದ ಬಟ್ಟೆ ಬೇರೆ, ಇಲ್ಲದ್ದು ಬೇರೆ. ಒಂದು ಸಲ ರಕ್ತ ಬಂದರೆ ಒಂದು ಚುಕ್ಕಿ, ಮತ್ತೆ ಬಂದರೆ ಮತ್ತೊಂದು. ಕಸುಬಿನ ಅನುಕೂಲಕ್ಕೆ ಮಾಡಿದ್ದು, ಯಾರ ಮೇಲೂ ಚಾಡಿ ಹೇಳಲಿಕ್ಕಲ್ಲ. ತಿಂಗಳ ಬಟ್ಟೆ, ಬಾಣಂತಿ ಬಟ್ಟೆಗಳಿಗೆ ಓಬಮ್ಮ ಚುಕ್ಕಿ ಇಡುತ್ತಿರಲಿಲ್ಲ, ಅವು ಹೇಗೂ ಬೇರೆಯೇ ಬರುತ್ತಿದ್ದವು. ಯಾವ ರಕ್ತ ಎಲ್ಲಿ ಬೀಳುತ್ತದೆ ಎಂದು ಮಡಿವಾಳಗಿತ್ತಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇಪ್ಪತ್ತೇಳು ವರ್ಷ ಆ ಚುಕ್ಕಿ ಇಟ್ಟ ಕೈ ಜಂಬಕ್ಕನದು. ಮದುವೆಯಾಗಿ ಬಂದ ಹೊಸದರಲ್ಲಿ ರಕ್ತ ಬರುತ್ತಿದ್ದದ್ದು ರುಮಾಲು, ಧೋತರಗಳಿಗೆ. ಬದುವಿನ ಜಗಳ, ಬಡಿಗೆಯ ಏಟು, ನೆತ್ತಿ ಒಡೆದು ಹೆಗಲ ಮೇಲೆ ಇಳಿದದ್ದು. ಹೊಡೆದವನೂ ಹೊಡೆಸಿಕೊಂಡವನೂ ಠಾಣೆಗೆ ಹೋಗಿ ಕೂಗಾಡಿ ಬರುತ್ತಿದ್ದರು. ತೊಂಬತ್ತರ ಹೊತ್ತಿಗೆ ಧೋತರ ಹೋಗಿ ಪ್ಯಾಂಟು ಬಂತು, ಬಡಿಗೆ ಹೋಗಿ ಚೂರಿ ಬಂತು. ಚುನಾವಣೆ ಗುಂಪು, ಇಸ್ಪೀಟು ಗುಂಪು, ಬಸ್‌ಸ್ಟ್ಯಾಂಡಿನ ಗುಂಪು. ರಕ್ತ ನೆತ್ತಿಯಿಂದ ಪಕ್ಕೆಗೆ ಇಳಿಯಿತು. ತೊಂಬತ್ತೆರಡರ ಬೇಸಿಗೆಯಲ್ಲಿ ಕರಿಗೇರು ತರಲು ಜಂಬಕ್ಕ ಹರಪನಹಳ್ಳಿ ಸಂತೆಗೆ ಎರಡು ಸಲ ಹೋಗಿದ್ದಳು.

ಆಮೇಲೆ ಪಂಚಾಕ್ಷರಪ್ಪನವರ ಕಾಲ ಬಂತು. ಮಿಲ್ಲಿನ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತು, "ಕೇಸು ಯಾಕ್ರೋ, ಕೋರ್ಟು ಯಾಕ್ರೋ, ಕೂತು ಮಾತಾಡೋಣು," ಎಂದು ಎಲೆ ಅಡಿಕೆ ಕೊಟ್ಟು, ಚಾ ಕುಡಿಸಿ, ಇಬ್ಬರ ಕೈಯನ್ನೂ ಹಿಡಿದು ಕೂಡಿಸಿ ಕಳಿಸುವರು. ಬೀದಿಯ ಜಗಳಗಳು ನಿಜವಾಗಿಯೂ ಕಡಿಮೆಯಾದವು, ಅದನ್ನು ಜಂಬಕ್ಕನೂ ಒಪ್ಪುತ್ತಾಳೆ. ಗಂಡಸರ ಅಂಗಿ ಸ್ವಚ್ಛ ಬರತೊಡಗಿದವು. ಅದೇ ಹೊತ್ತಿಗೆ ಗೂಡಂಗಡಿ ಗೂಡಂಗಡಿಗೆ ಸಾರಾಯಿ ಪಾಕೀಟು ಬಂತು. ಚುಕ್ಕಿಗಳು ಕಡಿಮೆಯಾಗಲಿಲ್ಲ, ಕುಪ್ಪಸಕ್ಕೆ ದಾಟಿದವು. ತುಟಿ ಒಡೆದ ರಕ್ತ, ಮೂಗಿನ ರಕ್ತ, ಕಿವಿಯೋಲೆ ಕಿತ್ತ ರಕ್ತ. ಕುಡಿಯುವವರ ಮನೆಯದಷ್ಟೇ ಎಂದು ತಿಳಿಯಬೇಡಿ, ಚಾ ಮಾತ್ರ ಕುಡಿಯುವ ಮನೆಗಳದ್ದೂ. ಕೇಳಿದರೆ ಎಲ್ಲರದೂ ಒಂದೇ ಮಾತು: ಮೆಟ್ಟಿಲಿಂದ ಬಿದ್ದೆ. ಊರಲ್ಲಿ ಮೆಟ್ಟಿಲಿರುವ ಮನೆ ಎಷ್ಟಿದ್ದವು, ಹಿಡಿಯಷ್ಟು! ಮಣ್ಣಿನ ಮಾಳಿಗೆಯ ಮನೆಯವರೂ ಮೆಟ್ಟಿಲಿಂದ ಬೀಳುತ್ತಿದ್ದರು.

ಪಂಚಾಕ್ಷರಪ್ಪನವರದು ಮೆಟ್ಟಿಲಿದ್ದ ಮನೆ. ಅವರ ಮಗ ಹಂಪೇಶನಿಗೆ ಕೂಡ್ಲಿಗಿಯಿಂದ ಹೆಣ್ಣು ತಂದು ಮೂರು ವರ್ಷವಾಗಿತ್ತು. ಅರ್ಚನಾ ಅಂತ. ಬಿ.ಎ. ಓದಿದ ಹುಡುಗಿ, ಹಿತ್ತಿಲ ಬಾಗಿಲಲ್ಲಿ ನಿಂತು ಬಟ್ಟೆ ಎಣಿಸಿ ಕೊಡುವಾಗ ಜಂಬಕ್ಕನ ಜೊತೆ ನಾಲ್ಕು ಮಾತಾಡದೆ ಕಳಿಸುತ್ತಿರಲಿಲ್ಲ. ಮೊದಲ ಶ್ರಾವಣದಲ್ಲೇ ಒಂದು ಹಸಿರು ಸೀರೆಯ ಸೆರಗಿಗೆ ರಕ್ತ ಹತ್ತಿ ಬಂತು.

"ಜಂಬಕ್ಕ, ಈ ಕಲೆ ಹೋಗ್ತೈತೇನು?"

"ತಣ್ಣೀರಾಗ ಹೋಗತೈತಿ ಬಿಡ್ರಿ, ಸಣ್ಣವ್ವಾರ."

ಮರುವಾರ ಒಗೆದ ಸೀರೆ ಮಡಚುವಾಗ ಹುಡುಗಿ ಒಳಮೂಲೆ ನೋಡಿ ಕೇಳಿದಳು, "ಇದೇನು ಚುಕ್ಕಿ?" ರಕ್ತದ ಗುರುತು, ಬಿಸಿಗೆ ಹಾಕಬಾರದು ಅಂತ, ಎಂದು ಜಂಬಕ್ಕ ಹೇಳಿದಳು. ಅರ್ಚನಾ ಆ ಚುಕ್ಕಿಯನ್ನು ಬೆರಳಿಂದ ಒಂದು ಸಲ ಒರೆಸಿ ನೋಡಿದಳು. ಹೋಗಲಿಲ್ಲ. ಸೀರೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಇಬ್ಬರೂ ಅದರ ಮಾತೆತ್ತಲಿಲ್ಲ. ರಕ್ತ ಬರುವುದು, ಜಂಬಕ್ಕ ತಣ್ಣೀರಲ್ಲಿ ಬಿಡಿಸುವುದು, ಚುಕ್ಕಿ ಇಡುವುದು. ಮಡಿವಾಳರ ಕಣ್ಣಿಗೆ ಬಿದ್ದದ್ದು ನಾಲಿಗೆಗೆ ಬರಬಾರದು ಎಂದು ಓಬಮ್ಮ ಆಣೆ ಹಾಕಿಸಿಕೊಂಡಿದ್ದಳು. ಗಂಡ ಚೌಡಣ್ಣನೂ ಇಸ್ತ್ರಿ ಪೆಟ್ಟಿಗೆಗೆ ಇದ್ದಲು ತುಂಬುತ್ತ ಅದನ್ನೇ ಹೇಳುತ್ತಿದ್ದ: ನಮಗ್ಯಾಕ ದೊಡ್ಡವರ ಮನಿ ಉಸಾಬರಿ.

ಶಾಂತಿ ಸಭೆಯಾದ ಹದಿನೈದನೇ ದಿನ ಹಿತ್ತಿಲ ಬಾಗಿಲಲ್ಲಿ ಅರ್ಚನಾ ಇರಲಿಲ್ಲ. ಅತ್ತೆ ದೊಡ್ಡವ್ವಾರೇ ಗಂಟು ಎತ್ತಿ ಎಸೆದರು.

"ಸಣ್ಣವ್ವಾರು ಎಲ್ಲ್ಯದಾರ್ರಿ?"

"ಮೆಟ್ಟಿಲಿಂದ ಬಿದ್ಲು. ದಾವಣಗೇರಿಗೆ ಒಯ್ದಾರ. ನೀ ಬಟ್ಟಿ ತಗೊಂಡು ನಡಿ."

ಕೆರೆಯ ದಂಡೆಯಲ್ಲಿ ಗಂಟು ಬಿಚ್ಚಿದಾಗ ನಡುವೆ ಒಂದು ಬಿಳಿ ಸೀರೆ ಸಿಕ್ಕಿತು, ಸಣ್ಣ ನೀಲಿ ಹೂವಿನದು. ತಲೆಯಿಂದ ಸೊಂಟದವರೆಗೆ ಕಂದು ಬಣ್ಣ, ಗಂಜಿ ಹಾಕಿದ ಹಾಗೆ ಸೆಟೆದು ನಿಂತಿತ್ತು. ಬೆರಳಲ್ಲಿ ಉಜ್ಜಿದಳು, ಮೂಸಿ ನೋಡಿದಳು. ಬಚ್ಚಲ ಹಂಡೆಯ ಬಿಸಿನೀರು ಸುರಿದಿದ್ದರು. ದೊಡ್ಡ ಮನೆಯವರಿಗೆ ಬಟ್ಟೆ ಕೊಡುವುದು ಗೊತ್ತು, ಒಗೆಯುವುದು ಎಲ್ಲಿ ಗೊತ್ತು? ಬೇಯಿಸಿಬಿಟ್ಟಿದ್ದರು ರಕ್ತವನ್ನು. ಇನ್ನು ಅದು ಈ ಜನ್ಮದಲ್ಲಿ ಬಿಡುವುದಿಲ್ಲ. ಬಿಡದಿದ್ದದ್ದನ್ನು ಸುಡಬೇಕು ಎಂದೂ ಹೊಳೆಯಲಿಲ್ಲ ಅವರಿಗೆ. ಮೂರು ತಲೆಮಾರಿನಿಂದ ಆ ಮನೆಯ ಹೊಲಸೆಲ್ಲ ಹೋಗಿ ಸೇರುತ್ತಿದ್ದದ್ದು ಮಡಿವಾಳರ ಗಂಟಿಗೇ, ಇದನ್ನೂ ಅಲ್ಲಿಗೇ ತುರುಕಿದ್ದರು.

ಜಂಬಕ್ಕ ಆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂಡೆಯ ಮೇಲೆ ಕೂತಳು. ಹಂಪೇಶನ ಮೇಲಿನ ಸಿಟ್ಟು ಅರ್ಧ, ತನ್ನ ಮೇಲಿನದು ಅರ್ಧ. ಮೂರು ವರ್ಷ ಆ ಹುಡುಗಿಯ ರಕ್ತ ತೊಳೆದು, ಮಡಚಿ, ಇಸ್ತ್ರಿ ಮಾಡಿ, ಹೊಡೆದವನ ಮನೆಗೇ ಮುಟ್ಟಿಸಿದವಳು ಯಾರು? ಥೂ ನಿನ್ನ ಬಾಳಿಗೆ ಬೆಂಕಿ ಬೀಳಲಿ ಜಂಬಿ, ಎಂದು ತನ್ನನ್ನೇ ಬೈದುಕೊಂಡಳು. ಸೀರೆಯನ್ನು ನೀರಿಗೆ ಹಾಕಲಿಲ್ಲ. ಹಾಗೆಯೇ ಮಡಚಿ ಮನೆಗೆ ಒಯ್ದು ಹಳೆಯ ಬಾನಿಯೊಳಗೆ ಇಟ್ಟು ಮೇಲೆ ಹಲಗೆ ಮುಚ್ಚಿದಳು.

ಠಾಣೆಗೂ ಹೋದಳು, ಖಾಕಿ ಗಂಟಿನ ನೆವದಲ್ಲಿ. ಪಾಲಾಕ್ಷಪ್ಪ ಕೆಟ್ಟ ಮನುಷ್ಯನಲ್ಲ, ಆದರೆ ಬೆನ್ನಿಗೆ ಗಂಜಿ ಕಡಿಮೆ.

"ಆ ಹೆಣ್ಣುಮಗಳೇ ಮೆಟ್ಟಿಲಿಂದ ಬಿದ್ದೆ ಅಂತ ಹೇಳಿಕೆ ಕೊಟ್ಟಾಳ, ಜಂಬಕ್ಕ. ತಲಿಗೆ ಎಂಟು ಹೊಲಿಗಿ, ಕೈ ಮುರದೈತಿ. ಗಂಡ ಪಕ್ಕದಾಗ ನಿಂತಿದ್ದ, ನನಗೂ ಗೊತ್ತು. ಆದ್ರ ಆಕಿ ಹೇಳಬೇಕಲ್ಲ? ಇಲ್ಲಾ, ನೋಡಿದವರು ಯಾರರ ಮುಂದ ಬರಬೇಕು. ಯಾರು ಬರ್ತಾರ?"

"ಆಕಿ ಹೊಳ್ಳಿ ಅದೇ ಮನಿಗೆ ಬಂದ್ರ?"

"ಗಂಡ ಹೆಂಡ್ರ ಜಗಳ ಉಂಡು ಮಲಗೋ ತನಕ ಅಂತಾರ ಹಿರಿಯರು."

"ಉಂಡು ಮಲಗೋ ತನಕ ಖರೇ ರೀ. ಮಲಗಿದಾಕಿ ಏಳದಿದ್ರ?"

ಪಾಲಾಕ್ಷಪ್ಪ ಕಾಗದ ಹುಡುಕುವವರಂತೆ ಮೇಜಿನ ಖಾನೆ ಎಳೆದರು.

ಆಸ್ಪತ್ರೆಯಿಂದ ಅರ್ಚನಾ ಕೂಡ್ಲಿಗಿಯ ತಾಯಿಮನೆಗೆ ಹೋದಳು. ತಾಯಿ ಅನ್ನದಾನಮ್ಮ ಗಂಡ ಸತ್ತವಳು, ಇನ್ನೊಬ್ಬ ಮಗಳು ಮದುವೆಗೆ ನಿಂತಿದ್ದಳು. ಪಂಚಾಕ್ಷರಪ್ಪ ಕಾರು ಮಾಡಿಕೊಂಡು ಹೋಗಿ, ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು, ಎಲೆ ಅಡಿಕೆ ಇಟ್ಟು ಮಾತಾಡಿ ಬಂದರು. ಮುಂದಿನ ಸೋಮವಾರ ಸೊಸೆ ಮನೆಗೆ ಬರುತ್ತಾಳೆ ಎಂದು ತೀರ್ಮಾನವಾಯಿತು. ಊರಲ್ಲಿ ಗುಸುಗುಸು ಎದ್ದಿತ್ತಲ್ಲ, ಅದರ ಬಾಯಿ ಮುಚ್ಚಿಸಬೇಕೆಂದು ಸಾವುಕಾರರಿಗೆ ಒಂದು ಉಪಾಯ ಹೊಳೆಯಿತು. ಜಂಬಕ್ಕನನ್ನು ಕಟ್ಟೆಗೆ ಕರೆಸಿದರು.

"ಸೊಸಿ ಮದುಮಗಳು ಬಂದಂಗ ಬರಬೇಕು. ಬಾಜಾ ಹೇಳೀನಿ. ಕಾರಿನಿಂದ ಬಾಗಿಲ ತನಕ ನಡಿಮಡಿ ಹಾಸಬೇಕು ನೀನು. ಊರೆಲ್ಲ ನೋಡಲಿ, ನಮ್ಮ ಮನ್ಯಾಗ ಸೊಸಿ ಮರ್ಯಾದಿ ಎಷ್ಟೈತಿ ಅಂತ."

ನಡೆಮಡಿ ಹಾಸುವುದು ಮಡಿವಾಳರ ಹಕ್ಕು. ಮದುಮಗಳೋ ದೇವರೋ ಬರುವ ದಾರಿಗೆ ಒಗೆದ ಸೀರೆಗಳನ್ನು ಒಂದರ ಮುಂದೊಂದು ಹಾಸುತ್ತ ಹೋಗಬೇಕು, ಕಾಲು ನೆಲಕ್ಕೆ ತಾಗಬಾರದು. ಸೀರೆ ಮನೆಯವರು ಕೊಡಬೇಕು. ದೊಡ್ಡವ್ವಾರು ಜಿಪುಣಿ. ಹೊಸ ಸೀರೆ ತುಳಿಸಿ ಹಾಳು ಮಾಡುವುದೇಕೆ ಎಂದು ಅರ್ಚನಾಳ ಪೆಟ್ಟಿಗೆಯ ಕೀಲಿಯನ್ನೇ ಕೊಟ್ಟರು. "ಆಕಿವ ಹಾಸು. ಹೆಂಗೂ ಪೆಟ್ಟಿಗ್ಯಾಗ ಕೊಳಿಯಾಕ ಹತ್ಯಾವ."

ಜಂಬಕ್ಕ ಪೆಟ್ಟಿಗೆ ತೆರೆದು ಒಂದೊಂದೇ ಸೀರೆಯ ಒಳಮೂಲೆ ತಿರುವಿ ನೋಡಿದಳು. ಎರಡು ಗೆರೆ, ಒಂದು ಸೊನ್ನೆ, ಒಂದು ಚುಕ್ಕಿ. ಎರಡು ಗೆರೆ, ಒಂದು ಸೊನ್ನೆ, ಮೂರು ಚುಕ್ಕಿ. ಅರ್ಚನಾಳನ್ನು ಬಿಟ್ಟರೆ ಆ ಮನೆಯವರು ಒಬ್ಬರೂ ಒಂದು ದಿನವೂ ಸೀರೆಯ ಒಳಮೂಲೆ ನೋಡಿದವರಲ್ಲ. ನೋಡಿದ್ದರೆ ಕೀಲಿ ಕೊಡುತ್ತಿದ್ದರೇ?

ರಾತ್ರಿ ಆಕೆ ಹಳೆಯ ಬಾನಿಯ ಹಲಗೆ ಸರಿಸಿದ್ದು ಕಂಡು ಚೌಡಣ್ಣ ಕೈ ಹಿಡಿದ.

"ಬ್ಯಾಡ ಜಂಬಿ. ಮೂವತ್ತೊಂದು ಮನಿ ಅದಾವ ನಮಗ. ಸಾವುಕಾರ ಒಂದು ಮಾತು ಅಂದ್ರ ಎಲ್ಲಾ ಬಂದ್. ಕೆರಿಯಾಗ ಕಾಲಿಡಾಕ ಬಿಡಂಗಿಲ್ಲ ನಮ್ಮನ್ನ."

"ಹೊಳಿಗೆ ಬಿದ್ದವರಿಗೆ ಚಳಿಯೇನು, ಮಳಿಯೇನು? ಆಕಿ ಆ ಬಾಗಿಲು ಒಮ್ಮೆ ದಾಟಿದ್ಲು ಅಂದ್ರ ಮುಂದಿನ ಸಲ ನನ್ನ ಗಂಟಿಗೆ ಬರೋದು ಸೀರಿ ಅಲ್ಲ, ಹೆಣದ ಮ್ಯಾಲಿನ ಬಟ್ಟಿ. ಅದನ್ನೂ ಒಗೀಲೇನು? ನಮ್ಮ ಕುಲದ ಶರಣ ಕಳ್ಳ ಭಕ್ತರ ಅರಿವಿ ಮುಟ್ಟಲಿಲ್ಲಂತ. ಆತನ ಫೋಟೋಕ್ಕ ದಿನಾ ಊದಿನಕಡ್ಡಿ ಹಚ್ಚತೀಯಲ್ಲ, ಯಾತಕ್ಕ ಹಚ್ಚತೀದಿ?"

ಚೌಡಣ್ಣ ಹಿಡಿದ ಕೈ ಬಿಟ್ಟ. ಗೋಡೆಯ ಮೇಲಿನ ಫೋಟೋ ಕಡೆಗೆ ನೋಡಲಿಕ್ಕೂ ಅಂಜಿದ.

ಸೋಮವಾರ ಹತ್ತು ಗಂಟೆಯ ಬಿಸಿಲಿಗೆ ಬೀದಿ ತುಂಬಿತ್ತು. ಶಾಂತಿ ಸಮಿತಿಯವರು ಇಸ್ತ್ರಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಪಾಲಾಕ್ಷಪ್ಪನವರಿಗೂ ಊಟಕ್ಕೆ ಹೇಳಿದ್ದರು, ಖಾಕಿಯಲ್ಲೇ ಬಂದಿದ್ದರು. ಕಾರು ಬೀದಿಯ ತುದಿಯಲ್ಲಿ ನಿಂತಿತು. ಅರ್ಚನಾ ಇಳಿದಳು, ತಲೆಯ ಮೇಲೆ ಸೆರಗು, ಎಡಗೈಗೆ ಪ್ಲಾಸ್ಟರು. ಹಿಂದೆ ಅನ್ನದಾನಮ್ಮ. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ದೊಡ್ಡವ್ವಾರು, ಪಕ್ಕದಲ್ಲಿ ಬಿಳಿ ಅಂಗಿಯ ಹಂಪೇಶ. ಬಾಜಾ ಶುರುವಾಯಿತು.

ಜಂಬಕ್ಕ ಮೊಣಕಾಲೂರಿ ಮೊದಲ ಸೀರೆ ಹಾಸಿದಳು. ಹಸಿರು ಸೀರೆ. ಒಳಗಿನ ಮಗ್ಗುಲು ಮೇಲೆ ಮಾಡಿ, ಗುರುತಿನ ಮೂಲೆಯನ್ನು ಹುಡುಗಿಯ ಹೆಬ್ಬೆರಳ ಹತ್ತಿರ ತಂದು ಇಟ್ಟಳು.

"ನೆಲ ನೋಡಿಕೊಂತ ನಡೀರಿ, ಸಣ್ಣವ್ವಾರ."

ಅರ್ಚನಾ ನೋಡಿದಳು. ಕಾಲು ಅಲ್ಲೇ ನಿಂತಿತು.

"ಇದು ಮದುವಿಯಾದ ವರ್ಷ ಶ್ರಾವಣದಾಗಿಂದು. ತುಟಿ ಒಡದಿತ್ತು," ಎಂದಳು ಜಂಬಕ್ಕ, ಅವಳಿಗಷ್ಟೇ ಕೇಳುವಂತೆ. ಎರಡನೆಯದನ್ನು ಹಾಸಿದಳು. "ಇದು ಬಸವ ಜಯಂತಿ ದಿವಸ. ಮೂಗು." ಮೂರನೆಯದಕ್ಕೆ ದನಿ ಏರಿತು. "ಇದಕ್ಕ ಮೂರು ಚುಕ್ಕಿ. ಒಂದು ಕಾರಹುಣ್ಣಿವಿ, ಒಂದು ದಸರಾ, ಒಂದು ನಿಮ್ಮ ಅವ್ವಾರು ಬಂದು ಹೋದ ಮರುದಿನ."

ಹಲಗೆಯವನು ಬಡಿಯುವುದನ್ನು ಬಿಟ್ಟು ಕತ್ತು ಚಾಚಿದ. ಅವನನ್ನು ನೋಡಿ ಶಹನಾಯಿಯವನೂ ಬಾಯಿಂದ ತೆಗೆದ. ಜಂಬಕ್ಕನ ದನಿ ಈಗ ಬೀದಿಗೆಲ್ಲ ಕೇಳುತ್ತಿತ್ತು.

"ಏ ಜಂಬಿ!" ಪಂಚಾಕ್ಷರಪ್ಪ ಕುರ್ಚಿಯಿಂದ ಎದ್ದರು. "ಏನ ಒದರಾಕ ಹತ್ತೀದಿ?"

"ನಡಿಮಡಿ ಹಾಸಾಕ ಹತ್ತೀನ್ರಿ, ಸಾವುಕಾರ್ರ. ಊರೆಲ್ಲ ನೋಡಲಿ ಅಂದ್ರಲ್ಲ, ನೋಡಲಿ. ನಿಮ್ಮ ಸೊಸಿ ಸೀರಿಗೆ ರಕ್ತ ಹತ್ತಿದಾಗೊಮ್ಮೆ ನಾನಿಟ್ಟ ಚುಕ್ಕಿ ಇವು. ಮೂರು ವರ್ಷಕ್ಕ ಹದಿನಾಕು."

ಕುರ್ಚಿಯ ಸಾಲಿನಲ್ಲಿ ಒಬ್ಬ ನಕ್ಕ. "ಹೆಣ್ಣುಮಕ್ಕಳ ಬಟ್ಟಿಗೆ ರಕ್ತ ಹತ್ತೋದು ಹೊಸಾದೇನು?"

"ತಿಂಗಳ ರಕ್ತ ತಲಿ ಮ್ಯಾಲಿನ ಸೆರಗಿಗೆ ಹತ್ತತೈತೇನಪ್ಪಾ? ನಿಮ್ಮ ಮನ್ಯಾಗ ಹಂಗ ಹತ್ತತೈತೇನು?"

ಮಾಳಿಗೆಯ ಮೇಲೆ ನಿಂತಿದ್ದ ಹೆಂಗಸರಲ್ಲಿ ಯಾರೋ ಹೋ ಎಂದರು. ನಕ್ಕವನ ಮುಖ ಕಪ್ಪಿಟ್ಟಿತು. ಹಂಪೇಶ ಬಾಗಿಲಿಂದ ನುಗ್ಗಿ ಬಂದ.

"ಕಾಲು ಮುರೀತೀನಿ ನೋಡು, ಸೂಳೆಮಗಳ!"

"ಮುರೀರಿ. ಹಂಗ್ಯಾಕ ನಿಂತೀರಿ? ನಿಮಗ ರೂಢಿ ಐತಲ್ಲ. ಆದ್ರ ಹತ್ತಿದ ರಕ್ತ ಬಿಡಸಾಕ ಬ್ಯಾರೆ ಮಡಿವಾಳರನ್ನ ನೋಡಿಕೊಳ್ರಿ, ನಾ ಒಗಿಯಂಗಿಲ್ಲ."

ಪಾಲಾಕ್ಷಪ್ಪ ನಡುವೆ ಬಂದು ಹಂಪೇಶನ ಎದೆಗೆ ಕೈ ಒತ್ತಿ ತಡೆದರು. ಜಂಬಕ್ಕನ ಕಡೆ ತಿರುಗಿ ಬೇಡಿಕೊಳ್ಳುವ ದನಿಯಲ್ಲಿ, "ಜಂಬಕ್ಕ, ಚುಕ್ಕಿ ಸಾಕ್ಷಿ ಆಗಂಗಿಲ್ಲ," ಎಂದರು.

"ಚುಕ್ಕಿ ಬ್ಯಾಡ್ರಿ, ನಾ ಆಗ್ತೀನಿ. ಯಾರು ಬರ್ತಾರ ಅಂದಿದ್ರಲ್ಲ ಅವತ್ತು? ಬಂದೀನಿ, ಬರಕೊಳ್ರಿ. ಮಡಿವಾಳರ ಜಂಬಕ್ಕ, ಗಂಡ ಚೌಡಣ್ಣ, ವಯಸ್ಸು ನಲವತ್ತೈದೋ ಐವತ್ತೋ."

"ಈ ಊರಿನ ಮಾನ ಹರಾಜು ಹಾಕಾಕ ಹತ್ಯಾಳ!" ಪಂಚಾಕ್ಷರಪ್ಪ ಸಮಿತಿಯವರ ಕಡೆ ಕೈ ಬೀಸಿದರು. "ಕೇಳ್ರಪಾ, ನಾಳಿಂದ ಒಂದು ಮನಿಯಿಂದನೂ ಈಕಿಗೆ ಬಟ್ಟಿ ಹೋಗಬಾರದು!"

ಜಂಬಕ್ಕ ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟು ಕುರ್ಚಿಯ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಕೊಡಬ್ಯಾಡ್ರಿ. ಆದ್ರ ಕೊಟ್ಟದ್ದು ಇಪ್ಪತ್ತೇಳು ವರ್ಷ ಕೊಟ್ಟೀರಿ. ಸಾವುಕಾರ್ರ ಮನಿಗೆ ಒಂದಽ ಚುಕ್ಕಿ ಇಟ್ಟೀನಿ ಅಂತ ತಿಳಿದೀರೇನು? ನಿಮ್ಮ ನಿಮ್ಮ ಅಂಗಿ ಕೊರಳಪಟ್ಟಿ ತಿರುವಿ ನೋಡಿಕೊಳ್ರಿ. ಸಾಹೇಬ್ರ, ನಿಮ್ಮ ಖಾಕಿಗೂ ಎರಡು ಅದಾವ. ಯಾರ ರಕ್ತ ಅಂತ ನಾ ಕೇಳಿಲ್ಲ, ನೀವು ಹೇಳಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಎಲ್ಲರೂ ಕೇಳಿದ್ದಾರೆ. ಆ ದಿನ ಊರು ಅದನ್ನು ಕಣ್ಣಾರೆ ಕಂಡಿತು. ಇಸ್ತ್ರಿ ಅಂಗಿಯ ಸಾಲಿನಲ್ಲಿ ಮೊದಲು ಒಂದು ಕೈ ಕತ್ತಿನ ಹಿಂದೆ ಹೋಯಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಏಳೆಂಟು ಕೈ. ಹೋದ ಕೈಯನ್ನು ಇಳಿಸುವುದು ಹೇಗೆಂದು ತಿಳಿಯದೆ ಕತ್ತು ತುರಿಸಿಕೊಂಡರು. ಮಾಳಿಗೆಯ ಮೇಲಿನ ಹೆಂಗಸರು ಯಾರ ಯಾರ ಕೈ ಹೋಯಿತೆಂದು ಒಬ್ಬೊಬ್ಬರನ್ನೂ ನೋಡುತ್ತಿದ್ದರು. ಪಾಲಾಕ್ಷಪ್ಪನವರ ಕೈಯೂ ಅರ್ಧ ದಾರಿ ಹೋಗಿ ಟೊಪ್ಪಿಗೆಯಲ್ಲಿ ನಿಂತಿತು.

ಆ ಹೊತ್ತಿನಲ್ಲೇ ಜಂಬಕ್ಕ ಉಳಿದ ಸೀರೆಗಳನ್ನೂ ಹಾಸುತ್ತ ಹೋಗಿ ಕೊನೆಯದನ್ನು ಹೊಸ್ತಿಲ ಮುಂದೆ ಹಾಸಿದಳು. ಬಿಳಿಯದು, ನೀಲಿ ಹೂವಿನದು, ಒಗೆಯದೆ ಇದ್ದದ್ದು. ಕಂದು ಕಲೆ ಬಿಸಿಲಿಗೆ ಹೊಳೆಯಿತು. ದೊಡ್ಡವ್ವಾರ ಕೈಯಿಂದ ಆರತಿ ತಟ್ಟೆ ಜಾರಿತು.

"ಇದಕ್ಕ ಚುಕ್ಕಿ ಇಟ್ಟಿಲ್ಲ, ಸಣ್ಣವ್ವಾರ. ಇಡಾಕ ಜಾಗ ಇರಲಿಲ್ಲ. ಇದು ಕಡೀದು. ತುಳದು ಒಳಗ ಹೋಗೋದಾದ್ರ ಹೋಗ್ರಿ, ನಾ ತಡಿಯಂಗಿಲ್ಲ."

ಅನ್ನದಾನಮ್ಮ ಹಿಂದಿನಿಂದ ಅಳುತ್ತ, "ನಡಿ ಮಗಳ, ಒಳಗ ನಡಿ, ಜನ ನೋಡಾಕ ಹತ್ಯಾರ," ಎಂದಳು.

ಅರ್ಚನಾ ನಡೆದಳು. ಒಂದೊಂದು ಸೀರೆಗೂ ನಿಂತು, ಮೂಲೆ ನೋಡಿ, ತುಟಿ ಅಲ್ಲಾಡಿಸಿ ಎಣಿಸುತ್ತ ಹೊಸ್ತಿಲ ತನಕ ಬಂದಳು. ಬಗ್ಗಿದಳು. ನೆಟ್ಟಗಿದ್ದ ಒಂದೇ ಕೈಯಲ್ಲಿ ಆ ಬಿಳಿ ಸೀರೆಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡಳು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. ಬೋಳಿಸಿದ ಜಾಗದಲ್ಲಿ ಎಂಟು ಹೊಲಿಗೆ ಕಂಡವು.

"ಸಾರ್, ನಾ ಮೆಟ್ಟಿಲಿಂದ ಬಿದ್ದಿಲ್ಲ. ಒಂದು ಸಲನೂ ಬಿದ್ದಿಲ್ಲ. ಇವರು ಕಬ್ಬಿಣದ ಊದುಗೊಳವಿಲೆ ಹೊಡದಾರ. ನಮ್ಮ ಮಾವ ಬಾಗಿಲಾಗ ನಿಂತಿದ್ರು. ಈಗ ಹೇಳಾಕ ಹತ್ತೀನಿ, ಬರಕೊಳ್ರಿ."

ತಿರುಗಿ, ಬಂದ ದಾರಿಯಲ್ಲೇ, ಅದೇ ನಡೆಮಡಿಯ ಮೇಲೆ ಕಾರಿನ ಕಡೆಗಲ್ಲ, ಠಾಣೆಯ ಕಡೆಗೆ ಹೊರಟಳು. ಅನ್ನದಾನಮ್ಮ ಒಂದು ಗಳಿಗೆ ಅತ್ತಿತ್ತ ನೋಡಿದಳು, ಆಮೇಲೆ ಮಗಳ ಹಿಂದೆ ಓಡಿದಳು. ಪಾಲಾಕ್ಷಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಹಂಪೇಶನ ತೋಳು ಹಿಡಿದರು. ಊಟ ಹಾಗೆಯೇ ಉಳಿಯಿತು.

ಸುಖಾಂತ ಎಂದು ಯಾರೂ ತಿಳಿಯಬೇಡಿ. ಮರುದಿನ ಮೂವತ್ತೊಂದು ಮನೆಗಳಲ್ಲಿ ಹನ್ನೊಂದರ ಗಂಟು ಬಂತು. ಅದರ ಮರುದಿನ ಕೆರೆಗೆ ಹೋದರೆ ಓಬಮ್ಮನ ಕಾಲದ ಒಗೆಯುವ ಬಂಡೆಯನ್ನು ಯಾರೋ ಹಾರೆ ಹಾಕಿ ಎರಡು ಹೋಳು ಮಾಡಿದ್ದರು. ಜಂಬಕ್ಕ ದಂಡೆಯ ಮೇಲೆ ನಿಂತು, ಬಂಡೆ ಒಡೆದವನ ಏಳು ತಲೆಮಾರನ್ನು ಎಬ್ಬಿಸಿ ಬೈದು, ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಂಜೆ ಚೌಡಣ್ಣ ಯಾರದೋ ಎತ್ತಿನ ಬಂಡಿ ಬೇಡಿ ತಂದು, ಗುಡ್ಡದ ಬುಡದಿಂದ ಹೊಸ ಕಲ್ಲೊಂದನ್ನು ಹೇರಿಕೊಂಡು ಬಂದ. ನಾಲ್ಕು ಜನ ಎತ್ತುವ ಕಲ್ಲು. ಬೆವರು ಒರೆಸಿಕೊಳ್ಳುತ್ತ, "ಇದನ್ನ ಒಡಿಯಾಕ ಬರ್ಲಿ ನೋಡೋಣು ಮಕ್ಕಳು," ಎಂದ. ಇಪ್ಪತ್ತೇಳು ವರ್ಷದಲ್ಲಿ ಆತ ಆಡಿದ ಅತಿ ದೊಡ್ಡ ಮಾತು ಅದು.

ಆಮೇಲೆ ಒಂದು ಹೊಸ ಸಂಗತಿ ಶುರುವಾಯಿತು. ಎಂದೂ ಬಟ್ಟೆ ಕೊಡದ ಓಣಿಗಳ ಹೆಂಗಸರು ತಾವೇ ಗಂಟು ಹೊತ್ತು ಕೆರೆಗೆ ಬಂದರು. ಒಗೆದು ಕೊಡು ಎನ್ನಲಿಲ್ಲ. ಕುಪ್ಪಸದ ಕೊರಳು ತಿರುವಿ, "ಜಂಬಕ್ಕ, ನಂಗೂ ಇಡು," ಎಂದರು. ಜಂಬಕ್ಕ ಕರಿಗೇರಿಗೆ ಸೂಜಿ ಚುಚ್ಚುವ ಮೊದಲು ಒಂದೇ ಮಾತು ಕೇಳುತ್ತಿದ್ದಳು: "ಚುಕ್ಕಿ ಇಟ್ಟ ಮ್ಯಾಲ ಠಾಣೆಕ್ಕ ಹೊಕ್ಕೀಯೇನು? ಹೋಗೋದಾದ್ರ ನಾನೂ ಬರ್ತೀನಿ. ಇಲ್ಲಾಂದ್ರ ನನ್ನ ಕರಿಗೇರು ಕೆಡಸಬ್ಯಾಡ." ಕೆಲವರು ಮನೆಗೆ ಹೋದರು. ಕೆಲವರು ಠಾಣೆಗೆ ಹೋದರು.

2003ರ ಗಣಪತಿ ಹಬ್ಬಕ್ಕೆ ಮತ್ತೆ ಶಾಮಿಯಾನ ಬಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಪಂಚಾಕ್ಷರಪ್ಪ ಮಗನ ಕೇಸಿಗೆಂದು ಹೊಸಪೇಟೆಗೆ ಓಡಾಡುತ್ತಿದ್ದರು. ಅರ್ಚನಾ ಕೂಡ್ಲಿಗಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಕೋರ್ಟಿಗೆ ಬರುವ ದಿನ ಸಾಕ್ಷಿಗೆಂದು ಒಪ್ಪಿಸಿದ ಆ ಬಿಳಿ ಸೀರೆ ಯಾರ ಕೈಯಲ್ಲಿದೆ ಎಂದು ಮೊದಲು ವಿಚಾರಿಸುತ್ತಿದ್ದಳು. ಪಾಲಾಕ್ಷಪ್ಪ ಕನ್ನಡಕ ಏರಿಸಿಕೊಂಡು, ತಪ್ಪು ಮಾಡಿದ ಹುಡುಗನಂತೆ ಕೆಳಗೆ ನೋಡುತ್ತ ಓದಿದರು.

"ಹಿಂದಿನ ವರ್ಷಗಳಿಗೆ ಹೋಲಿಸಿದರೆ ರಕ್ತಗಾಯದ ಪ್ರಕರಣಗಳು ಹೆಚ್ಚಾಗಿವೆ. ಒಂಬತ್ತರಿಂದ ಮೂವತ್ನಾಲ್ಕಕ್ಕೆ ಏರಿವೆ. ಇದು ವಿಷಾದದ ಸಂಗತಿ."

ಚಪ್ಪಾಳೆ ಬೀಳಲಿಲ್ಲ. ಊರು ಕೆಟ್ಟುಹೋಯಿತು ಎಂದು ಮುಂದಿನ ಸಾಲಿನವರು ತಲೆ ಅಲ್ಲಾಡಿಸಿದರು. ಖಾಕಿ ಗಂಟು ಹೊತ್ತು ಅದೇ ಕಂಬಕ್ಕೆ ಆತು ನಿಂತಿದ್ದ ಜಂಬಕ್ಕನ ಕಡೆ ಎಲ್ಲರ ಕಣ್ಣೂ ತಿರುಗಿದವು. ಈ ಸಲ ಆಕೆ ಮೆಲ್ಲಗೆ ಮಾತಾಡುವ ಸೋಗನ್ನೂ ಹಾಕಲಿಲ್ಲ.

"ಇನ್ನೂ ಕಡಿಮಿನಽ ಐತ್ರಿ, ಸಾಹೇಬ್ರ. ಹಳೇ ಕೊರಳಪಟ್ಟಿ ಬಾಳ ಅದಾವ. ಬರಕೊಂತ ಇರ್ರಿ, ನಾ ಹೇಳಕೊಂತ ಇರ್ತೀನಿ."